ಹಾಲಿನ ಲೆಕ್ಕ ಇಟ್ಟುಕೊಂಡು ಕೋಡಿಂಗ್ ಕಲಿತೆ: ನಾನು ನೋಡಿದ ಆರು ಆನ್‌ಲೈನ್ ಕೋರ್ಸ್‌ಗಳು

ನಾನು ಬಿ.ಕಾಂ. ಓದಿದವಳು. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ, ಈಗ ಹಾಸನದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅಪ್ಪ ನಮ್ಮೂರಿನ ಹಾಲಿನ ಡೇರಿಯ ಕಾರ್ಯದರ್ಶಿ. ಯಂತ್ರದಿಂದ ಚೀಟಿ ಬಂದರೂ ಅವರು ಪ್ರತಿ ಸದಸ್ಯರ ಬೆಳಗಿನ ಹಾಲು, ಸಂಜೆಯ ಹಾಲು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬಟವಾಡೆಯ ಹಿಂದಿನ ರಾತ್ರಿ ಕೂಡಿ ತಾಳೆ ನೋಡುತ್ತಾರೆ. ಆ ಕೂಡುವ ಕೆಲಸವನ್ನು ನಾನೇ ಬರೆದ ಪ್ರೋಗ್ರಾಮ್ ಮಾಡಬೇಕು ಎಂಬ ಆಸೆಯಿಂದ ಕೋಡಿಂಗ್ ಕಲಿಯಲು ಕೂತೆ.

ಒಂದೂವರೆ ವರ್ಷದಲ್ಲಿ ಆರು ಕೋರ್ಸ್ ನೋಡಿದೆ. ಒಂದೊಂದನ್ನೂ ಕೆಲವು ವಾರ ಮಾಡಿದ ಮೇಲೆ ವಿಡಿಯೊ ಮುಚ್ಚಿ, ಖಾಲಿ ಫೈಲ್ ತೆರೆದು, ಈ ಹಾಲಿನ ಲೆಕ್ಕ ಬರೆಯಲು ಕೂರುತ್ತಿದ್ದೆ. ಎಷ್ಟು ಸಾಲು ಸ್ವಂತವಾಗಿ ಬರುತ್ತದೋ ಅದೇ ನನ್ನ ಅಳತೆ.

ಮೊದಲನೆಯದು ದುಡ್ಡು ಕಟ್ಟಿ ಸೇರಿದ ಕೋರ್ಸ್. ಹೆಸರು ಬೇಡ. ಮೇಷ್ಟ್ರು ಟೈಪ್ ಮಾಡಿದ್ದನ್ನೇ ನಾನೂ ಟೈಪ್ ಮಾಡುತ್ತಿದ್ದೆ, ಎಲ್ಲವೂ ಸರಾಗವಾಗಿ ಓಡುತ್ತಿತ್ತು. ಖಾಲಿ ಫೈಲ್ ಮುಂದೆ ಕೂತಾಗ ಮೊದಲ ಸಾಲೇ ಹೊಳೆಯಲಿಲ್ಲ. ಕೇಳಿದ ಡೌಟಿಗೆ ಹನ್ನೊಂದು ದಿನ ಬಿಟ್ಟು ಉತ್ತರ ಬಂತು, ವಿಡಿಯೊ ಮತ್ತೊಮ್ಮೆ ನೋಡಿ ಎಂದು. ಆ ದುಡ್ಡಿಗಿಂತ, ನನ್ನ ತಲೆಗೆ ಇದು ಹತ್ತುವುದಿಲ್ಲ ಎಂದುಕೊಂಡು ಕಳೆದ ಎರಡು ತಿಂಗಳಿನ ಬೇಸರ ದೊಡ್ಡದು.

ಆಮೇಲೆ, ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟೆಲ್‌ನ ‘ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’. ಪೈಥಾನ್ ಅಂದರೆ ಪ್ರೋಗ್ರಾಮ್ ಬರೆಯುವ ಒಂದು ಭಾಷೆ. ಈ ಕೋರ್ಸ್ ರೋಪಾರ್ ಐಐಟಿಯ ಪ್ರೊ. ಸುದರ್ಶನ್ ಅಯ್ಯಂಗಾರ್ ಅವರದು, 12 ವಾರದ ಪಾಠ. ಕಲಿಯುವುದು ಪೂರ್ತಿ ಉಚಿತ. ಸರ್ಟಿಫಿಕೇಟ್ ಬೇಕಿದ್ದವರು ಮಾತ್ರ ಫೀಸು ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅಂಕದಲ್ಲಿ 25 ಪಾಲು ವಾರದ ಅಸೈನ್‌ಮೆಂಟಿಗೆ, 75 ಪಾಲು ಪರೀಕ್ಷೆಗೆ. ಕೆಲಸಕ್ಕೆ ಹೋಗುವ ನನಗೆ ಇಲ್ಲಿ ಸಿಕ್ಕ ದೊಡ್ಡ ಲಾಭ ಆ ವಾರದ ಗಡುವು. ಇಂಗ್ಲಿಷ್ ಕೂಡ ನಮ್ಮವರ ಇಂಗ್ಲಿಷ್, ಕಿವಿಗೆ ಬೇಗ ಒಗ್ಗಿತು. ಇದಾದ ಮೇಲೆ ಹಾಲಿನ ಲೆಕ್ಕಕ್ಕೆ ಕೂತಾಗ ಎಂಟು ಸಾಲು ಬಂತು. ಬೆಳಗ್ಗೆ 4 ಲೀಟರ್, ಸಂಜೆ 3 ಲೀಟರ್ ಕೊಟ್ಟೆ. ಮೊತ್ತ 43 ಎಂದು ಬಂತು! ಕೀಬೋರ್ಡಿನಿಂದ ಬಂದದ್ದನ್ನು ಪೈಥಾನ್ ಸಂಖ್ಯೆ ಎಂದು ತೆಗೆದುಕೊಳ್ಳುವುದಿಲ್ಲ, ಅಕ್ಷರ ಎಂದು ತೆಗೆದುಕೊಂಡು ಒಂದರ ಪಕ್ಕ ಒಂದು ಅಂಟಿಸುತ್ತದೆ. ಪಾಠದಲ್ಲಿ ಕೇಳಿದ್ದ ಮಾತೇ, ಆದರೆ ಅರ್ಥವಾದದ್ದು ಆ 43 ಲೀಟರ್ ನೋಡಿದಾಗ.

ಫ್ರೀಕೋಡ್‌ಕ್ಯಾಂಪ್ ಎಂಬ ಉಚಿತ ಕಲಿಕೆಯ ತಾಣದ ಬಗ್ಗೆ ಹೆಚ್ಚು ಹೇಳಲಾರೆ, ಎರಡೇ ವಾರ ಮಾಡಿದ್ದು. ಏನನ್ನೂ ಇನ್‌ಸ್ಟಾಲ್ ಮಾಡದೆ ಬ್ರೌಸರ್‌ನಲ್ಲೇ ಬರೆಯಬಹುದು, ಹೆಜ್ಜೆಗಳು ತೀರಾ ಚಿಕ್ಕವು, ಬೆಕ್ಕಿನ ಫೋಟೊಗಳ ಒಂದು ಪುಟ ಕಟ್ಟುತ್ತಾ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಬಂದುಬಿಡುತ್ತದೆ. ವೆಬ್‌ಸೈಟ್ ಮಾಡುವ ಆಸೆ ಇದ್ದವರಿಗೆ ಇದಕ್ಕಿಂತ ಹಿತವಾದ ಬಾಗಿಲು ನಾನು ನೋಡಿಲ್ಲ. ನನ್ನ ಕೆಲಸ ಬೇರೆಯಿತ್ತು.

ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಬಗ್ಗೆ ಮಾತ್ರ ಪ್ರೀತಿಯಿಂದ ಹೇಳಬೇಕು. ಸುಮಾರು ಹತ್ತು ನಿಮಿಷದ ವಿಡಿಯೊಗಳು, ಅವುಗಳಲ್ಲಿ ಕೆಲವಕ್ಕೆ ಕನ್ನಡದ ದನಿಯೇ ಇದೆ. ಪರದೆಯ ಒಂದು ಪಕ್ಕ ವಿಡಿಯೊ, ಇನ್ನೊಂದು ಪಕ್ಕ ನಿಮ್ಮ ಪ್ರೋಗ್ರಾಮ್. ನೋಡಿ, ನಿಲ್ಲಿಸಿ, ಬರೆಯಿರಿ ಅನ್ನುವುದೇ ಅದರ ಪದ್ಧತಿ. ಎಲ್ಲ ವಿಷಯವೂ ಕನ್ನಡದಲ್ಲಿಲ್ಲ. ಆದರೂ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಅಂದರೇನು ಎಂಬುದನ್ನು ನಮ್ಮ ಮಾತಿನಲ್ಲಿ ಒಂದು ಸಲ ಕೇಳಿದ ಮೇಲೆ ಇಂಗ್ಲಿಷ್ ಪಾಠದ ಭಯ ಅರ್ಧಕ್ಕರ್ಧ ಇಳಿಯಿತು.

ಉಳಿದ ಎರಡರ ನಡುವೆಯೇ ನನಗೆ ನಿಜವಾದ ಪೈಪೋಟಿ.

ಒಂದು, ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50, ಕಂಪ್ಯೂಟರ್ ವಿಜ್ಞಾನದ ಮೊದಲ ಪಾಠ. ಡೇವಿಡ್ ಮಲನ್ ಪಾಠ ಮಾಡುವುದನ್ನು ನೋಡುವುದೇ ಹಬ್ಬ. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್‌ನಲ್ಲಿ ಆಟದಂತೆ ಶುರುವಾಗಿ ಮರುವಾರವೇ ಸಿ ಭಾಷೆಗೆ ಹಾರುತ್ತದೆ. ಮೊದಲ ಲೆಕ್ಕಗಳಲ್ಲೊಂದು ಮಾರಿಯೊ ಆಟದ ಗೋಪುರ: ಎತ್ತರ 4 ಎಂದರೆ ಹ್ಯಾಶ್ (#) ಗುರುತುಗಳಿಂದ ನಾಲ್ಕು ಮೆಟ್ಟಿಲು, ಬಲಕ್ಕೆ ಒತ್ತಿ ನಿಲ್ಲಬೇಕು. ಮೂರು ಸಂಜೆ ಹೋಯಿತು. ಕೊನೆಗೆ ಅಪ್ಪನ ಚೌಕುಳಿ ನೋಟ್‌ಬುಕ್ಕಿನಲ್ಲಿ ಬರೆದು ನೋಡಿದೆ. ಮೊದಲ ಸಾಲಿಗೆ ಮೂರು ಖಾಲಿ ಮನೆ, ಒಂದು ಹ್ಯಾಶ್; ಎರಡನೆಯದಕ್ಕೆ ಎರಡು ಖಾಲಿ, ಎರಡು ಹ್ಯಾಶ್. ಎತ್ತರದಲ್ಲಿ ಸಾಲಿನ ಸಂಖ್ಯೆ ಕಳೆದರೆ ಖಾಲಿ ಮನೆ! ಇದನ್ನು ಯಾರೂ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡೆ. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆದರೆ ಕಂಪ್ಯೂಟರಿನ ಮೆಮೊರಿಯ ಪಾಠದ ವಾರಕ್ಕೆ ಬಂದಾಗ ದಿನಕ್ಕೆ ಒಂದು ಗಂಟೆ ಸಾಲದಾಯಿತು, ಅಲ್ಲಿಗೆ ನಿಲ್ಲಿಸಿದೆ.

ಇನ್ನೊಂದು, ಮಿಷಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸೆವೆರನ್ಸ್ ಅವರ ‘ಪೈಥಾನ್ ಫಾರ್ ಎವೆರಿಬಡಿ’. ಕೋರ್ಸೆರಾ ಎಂಬ ಕೋರ್ಸ್‌ಗಳ ತಾಣದಲ್ಲೂ ಇದೆ, ಅವರದೇ ಸೈಟಿನಲ್ಲಿ ಪುಸ್ತಕದ ಸಮೇತ ಉಚಿತವಾಗಿಯೂ ಇದೆ. ನಡಿಗೆ ನಿಧಾನ. ಅದರಲ್ಲಿ ಡಿಕ್ಷನರಿಯ (ಒಂದೊಂದು ಹೆಸರಿನ ಎದುರು ಒಂದು ಅಂಕಿ ಬರೆದಿಡುವಂಥ ಪಟ್ಟಿ) ಪಾಠದ ಲೆಕ್ಕ ಹೀಗಿದೆ: ಮೇಲ್‌ಗಳು ತುಂಬಿದ ಒಂದು ಫೈಲ್ ಓದಿ, ಯಾರು ಅತಿ ಹೆಚ್ಚು ಮೇಲ್ ಕಳಿಸಿದ್ದಾರೆ ಹುಡುಕಿ. ಹೆಸರು ಮೊದಲ ಸಲ ಸಿಕ್ಕರೆ ಸೊನ್ನೆಗೆ ಒಂದು ಕೂಡು, ಮತ್ತೆ ಸಿಕ್ಕರೆ ಹಳೆಯದಕ್ಕೆ ಒಂದು ಕೂಡು. ನೋಡುತ್ತಿದ್ದ ಹಾಗೆ ಎದೆ ಡವಗುಟ್ಟಿತು, ಇದು ಅಪ್ಪನ ನೋಟ್‌ಬುಕ್ಕೇ ಅಲ್ಲವಾ! ಸದಸ್ಯರ ನಂಬರಿಗೆ ಒಂದೊಂದು ಪುಟ, ಆ ಪುಟದಲ್ಲಿ ಲೀಟರ್ ಕೂಡುತ್ತಾ ಹೋಗುವುದು. ಮೇಲ್ ವಿಳಾಸದ ಜಾಗಕ್ಕೆ ಸದಸ್ಯರ ನಂಬರು, ಒಂದರ ಜಾಗಕ್ಕೆ ಲೀಟರ್ ಇಟ್ಟೆ. ಇಪ್ಪತ್ತೆರಡು ಸಾಲಿನಲ್ಲಿ ಹದಿನೈದು ದಿನದ ಲೆಕ್ಕ ಬಂತು.

ಕೆಲವು ಮೊತ್ತಗಳಿಗೆ ಮಾತ್ರ ಉದ್ದನೆಯ ಬಾಲ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುವ ಬಗೆಯದು. ಇದರ ಕಾರಣ ಗೊತ್ತಿದ್ದದ್ದು ಸಿಎಸ್50ಯಿಂದ: ದಶಾಂಶಗಳನ್ನು ಕಂಪ್ಯೂಟರ್ 0 ಮತ್ತು 1 ಎಂಬ ಎರಡೇ ಅಂಕಿಗಳ ಲೆಕ್ಕದಲ್ಲಿ ಇಡುವಾಗ ಕೆಲವು ಪೂರ್ತಿ ಕೂರುವುದಿಲ್ಲ. ಲೀಟರನ್ನು ಮಿಲಿಲೀಟರ್ ಮಾಡಿ ಪೂರ್ಣಾಂಕದಲ್ಲೇ ಕೂಡಿದೆ, ಸರಿಹೋಯಿತು.

ಹಾಗಾಗಿ ನನ್ನಂತೆ ಕೈಯಲ್ಲೊಂದು ಕೆಲಸ ಇಟ್ಟುಕೊಂಡು ಬರುವವರು ಸೆವೆರನ್ಸ್ ಅವರ ಪಾಠದಿಂದ ಶುರುಮಾಡಿ. ಕಾಲೇಜಿನಲ್ಲಿದ್ದು ದಿನಕ್ಕೆ ಮೂರು ಗಂಟೆ ಸಿಗುವವರಾದರೆ ನೇರ ಸಿಎಸ್50ಗೆ ಹೋಗಿ. ಗಡುವಿಲ್ಲದೆ ಕೂರಲಾರದವರಿಗೆ ಎನ್‌ಪಿಟೆಲ್. ಯಾವುದನ್ನೇ ಹಿಡಿದರೂ ವಾರಕ್ಕೊಮ್ಮೆ ವಿಡಿಯೊ ಮುಚ್ಚಿ ಖಾಲಿ ಫೈಲ್ ತೆರೆಯಿರಿ.

ಅಪ್ಪ ಮೊನ್ನೆ, ನಂಬರು ಸಾಲದು, ಹೆಸರೂ ಬರಲಿ ಅಂದರು. ಹಾಕಿದರೆ ಪಟ್ಟಿಯ ಸಾಲುಗಳು ಓರೆಕೋರೆ. ಲಕ್ಷ್ಮಮ್ಮ ಎಂಬ ಹೆಸರಿನ ಉದ್ದ ಕೇಳಿದರೆ ಪೈಥಾನ್ 9 ಎನ್ನುತ್ತದೆ, ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಅರ್ಧಾಕ್ಷರದ ಗುರುತು, ಒತ್ತಕ್ಷರ ಎಲ್ಲವನ್ನೂ ಅದು ಬೇರೆಬೇರೆ ಎಣಿಸುತ್ತದೆ. ನಾನು ನೋಡಿದ ಪಾಠಗಳಲ್ಲಿ ಕನ್ನಡ ಲಿಪಿಯ ಒಂದು ಉದಾಹರಣೆಯೂ ಇರಲಿಲ್ಲ. ಈ ವಾರ ಅದನ್ನೇ ಹಿಡಿದು ಕೂತಿದ್ದೇನೆ.