ಥಿಂಕ್‌ಪ್ಯಾಡ್ ಎಕ್ಸ್230: ಏನು ಹಾಕಿದರೆ ಒಪ್ಪುತ್ತದೆ, ಏನು ಹಾಕಿದರೆ ಮುನಿಯುತ್ತದೆ

ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್230 ಬಂದದ್ದು 2012ರಲ್ಲಿ. 12.5 ಇಂಚಿನ ಪರದೆ, ಇಂಟೆಲ್‌ನ ಮೂರನೇ ತಲೆಮಾರಿನ ಐ3, ಐ5 ಅಥವಾ ಐ7 ಪ್ರೊಸೆಸರ್, ಬೆರಳಿಗೆ ಹಿತವಾದ ಕೀಬೋರ್ಡ್. ಕಚೇರಿಗಳು ರಾಶಿಗಟ್ಟಲೆ ಕೊಂಡು ಕೆಲವು ವರ್ಷಗಳ ನಂತರ ರಾಶಿಗಟ್ಟಲೆ ಹೊರಹಾಕಿದ ಯಂತ್ರ ಇದು. ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಇವತ್ತಿಗೂ ಸಿಗುತ್ತದೆ, ಎಷ್ಟೋ ಮನೆಗಳ ಕಪಾಟಿನಲ್ಲಿ ಸುಮ್ಮನೆ ಕೂತೂ ಇದೆ. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡಿಸ್ಕ್), ಸಾಕಷ್ಟು ರ‍್ಯಾಮ್, ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಹಾಕುವ ಉಚಿತ ಆಪರೇಟಿಂಗ್ ಸಿಸ್ಟಂ), ಈ ಮೂರು ಹಾಕಿದರೆ ಬರವಣಿಗೆ, ಬ್ರೌಸಿಂಗ್, ಲೆಕ್ಕಪತ್ರ, ಸಣ್ಣಪುಟ್ಟ ಪ್ರೋಗ್ರಾಮಿಂಗ್‌ಗೆ ಇದು ಈಗಲೂ ಚೆನ್ನಾಗಿ ದುಡಿಯುತ್ತದೆ. ಆದರೆ ಇದರ ಬಯಾಸ್ (ಆನ್ ಮಾಡಿದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ತುಸು ಹಟಮಾರಿ. ಕೆಲವು ಬಿಡಿಭಾಗಗಳನ್ನು ಗುರುತು ಹಿಡಿದು ತಿರಸ್ಕರಿಸುತ್ತದೆ. ಅವು ಯಾವುವು ಎಂದು ತಿಳಿಯದೆ ಬಿಡಿಭಾಗ ತರಿಸಿದರೆ ದುಡ್ಡು ದಂಡ.

ಹಳೆಯ ಯಂತ್ರ ಕೊಳ್ಳುವವರು ಮೊದಲು ನೋಡಬೇಕಾದದ್ದು ಪ್ರೊಸೆಸರ್ ಅಲ್ಲ, ಬಯಾಸ್ ಪಾಸ್‌ವರ್ಡ್. ಆನ್ ಮಾಡಿ ಎಫ್1 ಒತ್ತಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ, ಅದು ಮಾರುವವರಿಗೂ ಗೊತ್ತಿಲ್ಲದಿದ್ದರೆ, ಆ ಯಂತ್ರವನ್ನು ಬಿಟ್ಟುಬಿಡಿ. ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ಸಣ್ಣ ಸೀಮಾಸ್ ಬ್ಯಾಟರಿ ಕಿತ್ತು ಹಾಕಿದರೆ ಪಾಸ್‌ವರ್ಡ್ ಅಳಿಸಿಹೋಗುವುದುಂಟು. ಥಿಂಕ್‌ಪ್ಯಾಡ್‌ನಲ್ಲಿ ಪಾಸ್‌ವರ್ಡ್ ಪ್ರತ್ಯೇಕ ಚಿಪ್‌ನಲ್ಲಿ ಕೂತಿರುತ್ತದೆ, ಬ್ಯಾಟರಿ ಕಿತ್ತರೂ ಜಪ್ಪಯ್ಯ ಎನ್ನುವುದಿಲ್ಲ. ಇನ್ನೊಂದು ಮಾತು: ಎಕ್ಸ್230ರ ಪ್ರೊಸೆಸರ್ ಬೋರ್ಡಿಗೆ ಬೆಸುಗೆಯಾಗಿದೆ. ಐ3 ಇರುವ ಯಂತ್ರ ತಂದು ಮುಂದೆ ಐ7 ಹಾಕೋಣ ಎನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಕೈಯಲ್ಲಿರುವ ಯಂತ್ರದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇನ್ನೂ ಇದ್ದರೆ, ಬೇರೇನೂ ಮುಟ್ಟುವ ಮುನ್ನ ಅದರ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆಗೆಯಿರಿ. ವಿಂಡೋಸ್‌ನಲ್ಲಾದರೆ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಸಾಕು. ರಿಅಲೊಕೇಟೆಡ್ ಸೆಕ್ಟರ್ ಮತ್ತು ಪೆಂಡಿಂಗ್ ಸೆಕ್ಟರ್ ಎಂಬ ಎರಡು ಸಾಲುಗಳ ರಾ ವ್ಯಾಲ್ಯೂ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಡಿಸ್ಕ್ ಸವೆಯುತ್ತಿದೆ ಎಂದರ್ಥ. ಪೆಂಡಿಂಗ್ ಅಂಕಿ ದಿನೇ ದಿನೇ ಏರುತ್ತಿದ್ದರೆ ಡಿಫ್ರಾಗ್, ವೈರಸ್ ಸ್ಕ್ಯಾನ್ ಎಂದೆಲ್ಲ ಅದನ್ನು ಗೋಳು ಹೊಯ್ದುಕೊಳ್ಳದೆ ಮುಖ್ಯ ಫೈಲುಗಳನ್ನು ಮೊದಲು ಹೊರಗಿನ ಡಿಸ್ಕಿಗೆ ಎತ್ತಿಕೊಳ್ಳಿ. "ಲ್ಯಾಪ್‌ಟಾಪ್ ನಿಧಾನವಾಗಿದೆ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಓದಲಾಗದ ಸೆಕ್ಟರನ್ನು ಮತ್ತೆ ಮತ್ತೆ ಓದಲು ಹೆಣಗುವ ಇಂಥ ಡಿಸ್ಕೇ.

ಎಸ್‌ಎಸ್‌ಡಿ ಹಾಕುವ ಕೆಲಸ ಎಕ್ಸ್230ರಲ್ಲಿ ಹಗ್ಗ ಬಿಚ್ಚಿದಷ್ಟು ಸಲೀಸು. ಬ್ಯಾಟರಿ ತೆಗೆದಿಡಿ, ಚಾರ್ಜರ್ ಕಳಚಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಬಲಬದಿಯಲ್ಲಿ ಡಿಸ್ಕಿನ ಸಣ್ಣ ಮುಚ್ಚಳವಿದೆ. ಅದರ ಒಂದು ಸ್ಕ್ರೂ ಬಿಚ್ಚಿದರೆ ಡಿಸ್ಕ್ ಹೊರಕ್ಕೆ ಜಾರಿ ಬರುತ್ತದೆ. ಅದರ ಎರಡೂ ಪಕ್ಕದಲ್ಲಿ ಕಪ್ಪು ರಬ್ಬರ್ ಪಟ್ಟಿಗಳಿರುತ್ತವೆ. ಅವನ್ನು ಬಿಡಿಸಿ ಹೊಸ ಎಸ್‌ಎಸ್‌ಡಿಗೆ ತೊಡಿಸಲೇಬೇಕು. ಇಲ್ಲದಿದ್ದರೆ ಎಸ್‌ಎಸ್‌ಡಿ ಗೂಡಿನೊಳಗೆ ಅಲ್ಲಾಡಿ, ಭಾರವೆಲ್ಲ ಕನೆಕ್ಟರ್ ಮೇಲೆ ಬಿದ್ದು, ಲ್ಯಾಪ್‌ಟಾಪ್ ಎತ್ತಿದಾಗಲೆಲ್ಲ ಡಿಸ್ಕ್ ಕಾಣೆಯಾಗುವ ವಿಚಿತ್ರ ತೊಂದರೆ ಶುರುವಾಗುತ್ತದೆ. ಈ ಗೂಡಿಗೆ 7 ಮಿ.ಮೀ. ದಪ್ಪದ 2.5 ಇಂಚಿನ ಡ್ರೈವ್ ಮಾತ್ರ ಹಿಡಿಸುತ್ತದೆ. 9.5 ಮಿ.ಮೀ.ನದು ಒಳಗೆ ಹೋಗುವುದಿಲ್ಲ, ಒತ್ತಿ ತುರುಕಲು ಹೋಗಬೇಡಿ.

ವೇಗದ ಲೆಕ್ಕ ಹೀಗಿದೆ. ಈ ಗೂಡಿನ ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಂಪರ್ಕ) 3 ದರ್ಜೆಯದು, ಒಳ್ಳೆಯ ಎಸ್‌ಎಸ್‌ಡಿ ಇಲ್ಲಿ ಸೆಕೆಂಡಿಗೆ 500 ಎಂಬಿಗೂ ಹೆಚ್ಚು ಓದುತ್ತದೆ. ಆದರೆ ನಿತ್ಯದ ಬಳಕೆಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದು ಆ ಅಂಕಿಯಿಂದಲ್ಲ. ಬ್ರೌಸರ್ ತೆರೆಯುವಾಗ, ಅಪ್‌ಡೇಟ್ ಆಗುವಾಗ ಸಾವಿರಾರು ಚಿಕ್ಕ ಫೈಲುಗಳು ಅಲ್ಲೊಂದು ಇಲ್ಲೊಂದು ಓದಿಸಿಕೊಳ್ಳುತ್ತವೆ. ಹಾರ್ಡ್ ಡಿಸ್ಕಿನ ತಲೆ ಪ್ರತಿ ಸಲವೂ ಜಾಗ ಹುಡುಕಿಕೊಂಡು ಹೋಗಬೇಕು, ಅಲ್ಲಿ ವೇಗ ಸೆಕೆಂಡಿಗೆ ಒಂದು ಎಂಬಿ ಆಸುಪಾಸಿಗೆ ಕುಸಿಯುತ್ತದೆ. ಎಸ್‌ಎಸ್‌ಡಿಗೆ ಆ ಹುಡುಕಾಟವೇ ಇಲ್ಲ. ಕೊಳ್ಳುವಾಗ 240 ಅಥವಾ 500 ಜಿಬಿಯ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ) ಮಾದರಿ ನೋಡಿಕೊಳ್ಳಿ. ತೀರಾ ಅಗ್ಗದ, ಡಿರ‍್ಯಾಮ್ ಇಲ್ಲದ ಕ್ಯುಎಲ್‌ಸಿ (ನಾಲ್ಕು ಬಿಟ್ ಇಡುವ) ಡ್ರೈವ್‌ಗಳು ಸ್ವಲ್ಪ ಹೊತ್ತು ಚುರುಕಾಗಿದ್ದು, ದೊಡ್ಡ ಫೈಲ್ ನಕಲು ಮಾಡುವಾಗ ಕ್ಯಾಶ್ (ತಾತ್ಕಾಲಿಕವಾಗಿ ಬರೆದಿಡುವ ವೇಗದ ಜಾಗ) ತುಂಬಿದ್ದೇ ತಡ ಹಾರ್ಡ್ ಡಿಸ್ಕಿಗಿಂತಲೂ ಕಡೆಯಾಗುವುದುಂಟು.

ಅಂಗೈ ಇಡುವ ಜಾಗದ ಅಡಿಯಲ್ಲಿ ಎಂಸಾಟಾ ಕಿಂಡಿಯೂ ಇದೆ. ಮೂಲತಃ ಮೊಬೈಲ್ ಡೇಟಾ ಕಾರ್ಡಿಗೆಂದು ಮಾಡಿದ್ದು, ಎಂಸಾಟಾ ಎಸ್‌ಎಸ್‌ಡಿಯನ್ನೂ ಒಪ್ಪುತ್ತದೆ. ಆದರೆ ಸಾಟಾ 2 ದರ್ಜೆ, ವೇಗ ಅರ್ಧ. ಎರಡು ಡ್ರೈವ್ ಹಾಕುವುದಾದರೆ ಆಪರೇಟಿಂಗ್ ಸಿಸ್ಟಂ ಇರಬೇಕಾದ್ದು 2.5 ಇಂಚಿನದರಲ್ಲಿ, ಎಂಸಾಟಾ ಕಡತಗಳಿಗೆ. ಈಗ ಎಲ್ಲೆಡೆ ಕಾಣುವ ಎಂ.2 ಎಸ್‌ಎಸ್‌ಡಿ ಕಡ್ಡಿ ಈ ಕಿಂಡಿಗೆ ಕೂರುವುದಿಲ್ಲ, ಎರಡರ ಆಕಾರವೇ ಬೇರೆ.

ರ‍್ಯಾಮ್ ಕಡೆ ಬನ್ನಿ. ಕೆಳಗಿನ ಮುಚ್ಚಳದಡಿ ಎರಡು ಕಿಂಡಿಗಳು ಇವೆ, ಒಟ್ಟು 16 ಜಿಬಿವರೆಗೆ ಒಪ್ಪುತ್ತದೆ. ಬೇಕಾದದ್ದು ಡಿಡಿಆರ್3, 1600 ವೇಗದ, 204 ಪಿನ್ನಿನ ಲ್ಯಾಪ್‌ಟಾಪ್ ರ‍್ಯಾಮ್. 1.5 ವೋಲ್ಟಿನದು, 1.35 ವೋಲ್ಟಿನ ಡಿಡಿಆರ್3ಎಲ್, ಎರಡೂ ನಡೆಯುತ್ತವೆ; ಕೊಳ್ಳುವುದಾದರೆ ಡಿಡಿಆರ್3ಎಲ್ ಕೊಳ್ಳಿ, ಮುಂದಿನ ತಲೆಮಾರಿನ ಯಂತ್ರಕ್ಕೂ ಆಗುತ್ತದೆ. 8 ಜಿಬಿಯ ಒಂದೇ ಕಡ್ಡಿಗಿಂತ 4 ಜಿಬಿಯ ಎರಡು ಮೇಲು. ಕಾರಣ, ಇದರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡು ಕಡ್ಡಿಗಳಿದ್ದರೆ ಎರಡು ದಾರಿ ತೆರೆದುಕೊಂಡು ಪರದೆಯ ಕೆಲಸ ಹಗುರಾಗುತ್ತದೆ. 16 ಜಿಬಿ ಬೇಕೆಂದರೆ 8ರ ಎರಡು. 16ರ ಒಂದೇ ಕಡ್ಡಿಯನ್ನು ಈ ತಲೆಮಾರಿನ ಪ್ರೊಸೆಸರ್ ಗುರುತಿಸುವುದಿಲ್ಲ.

ಕಡ್ಡಿಯನ್ನು ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಅಂಚು ಪೂರ್ತಿ ಒಳಹೋಗುವವರೆಗೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಕೊಕ್ಕೆಗಳು ಟಕ್ಕೆಂದು ಕೂರಬೇಕು. ಆನ್ ಮಾಡಿದಾಗ ಬೀಪ್ ಶಬ್ದ ಬಂದು ಪರದೆ ಕಪ್ಪಾಗಿಯೇ ಇದ್ದರೆ ಹೆದರಬೇಡಿ. ಬಹುತೇಕ ಒಂದು ಕಡ್ಡಿ ಸರಿಯಾಗಿ ಕೂತಿರುವುದಿಲ್ಲ. ಹಳೆಯ ರ‍್ಯಾಮ್ ತಂದವರು ಮೆಮ್‌ಟೆಸ್ಟ್86+ ಎಂಬ ಪರೀಕ್ಷಾ ತಂತ್ರಾಂಶವನ್ನು ಒಂದು ಸುತ್ತಾದರೂ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿ ವಾಪಸ್ ಕೊಡಿ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ಆಪರೇಟಿಂಗ್ ಸಿಸ್ಟಂ ಹಾಕಿದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತು, ತಪ್ಪು ಮಾತ್ರ ಪೆನ್‌ಡ್ರೈವ್ ತಲೆಗೆ ಬರುತ್ತದೆ.

ಇನ್ನು ಬಯಾಸ್‌ನ ಹಟ. ವೈಫೈಗೆ ಇಂಟೆಲ್ 6205 ಕಾರ್ಡ್ ಇದ್ದರೆ ನೆಮ್ಮದಿಯಿಂದಿರಿ. 5 ಗಿಗಾಹರ್ಟ್ಸ್ ಕೂಡ ಹಿಡಿಯುತ್ತದೆ, ಲಿನಕ್ಸ್‌ನಲ್ಲಿ ತಾನೇ ತಾನಾಗಿ ಓಡುತ್ತದೆ. ಕೆಲವು ಯಂತ್ರಗಳಲ್ಲಿ ರಿಯಲ್‌ಟೆಕ್ ಕಾರ್ಡ್ ಇದೆ, ಅದು 2.4ಕ್ಕಷ್ಟೇ ಸೀಮಿತ. ಇದನ್ನು ಬದಲಿಸಿ ಹೊಸ ಇಂಟೆಲ್ 7260 ಹಾಕೋಣ ಎಂದು ಹೊರಟರೆ, ಆನ್ ಮಾಡಿದಾಕ್ಷಣ 1802 ಎಂಬ ದೋಷ ಸಂಖ್ಯೆ ತೋರಿಸಿ ಯಂತ್ರ ಅಲ್ಲಿಗೇ ನಿಲ್ಲುತ್ತದೆ. ಬಯಾಸ್‌ನಲ್ಲಿ ಒಪ್ಪಿತ ಕಾರ್ಡ್‌ಗಳ ಪಟ್ಟಿಯೊಂದಿದೆ, ಅದರಲ್ಲಿಲ್ಲದ್ದಕ್ಕೆ ಪ್ರವೇಶವಿಲ್ಲ. ಬ್ಯಾಟರಿಯದೂ ಇದೇ ಕತೆ: ಅಸಲಿ ಎಂದು ತನ್ನನ್ನು ಪರಿಚಯಿಸಿಕೊಳ್ಳಲಾಗದ ಬ್ಯಾಟರಿಗೆ ಬೆಂಬಲವಿಲ್ಲ ಎಂಬ ಸಂದೇಶ ಬರುತ್ತದೆ, ಚಾರ್ಜ್ ಆಗುವುದಿಲ್ಲ.

ಈ ಪಟ್ಟಿಯನ್ನು ತೆಗೆದುಹಾಕುವ ದಾರಿ ಇದೆ. 1ವೈರೇನ್ ಎಂಬ ಉಪಕರಣ ಈ ತಲೆಮಾರಿನ ಥಿಂಕ್‌ಪ್ಯಾಡ್‌ಗಳಿಗೆಂದೇ ಇರುವುದು, ಪೆನ್‌ಡ್ರೈವ್‌ನಿಂದಲೇ ಬದಲಾಯಿಸಿದ ಬಯಾಸ್ ಬರೆಯುತ್ತದೆ. ಆದರೆ ಅದು ಕೆಲಸ ಮಾಡುವುದು ಬಯಾಸ್‌ನ ಹಳೆಯ ಆವೃತ್ತಿಗಳ ಮೇಲೆ. ಹಾಗಾಗಿ "ಮೊದಲು ಬಯಾಸ್ ಅಪ್‌ಡೇಟ್ ಮಾಡಿಬಿಡೋಣ" ಎಂಬ ಉತ್ಸಾಹ ಇಲ್ಲಿ ಎಡವಟ್ಟು. ಮುಂದಕ್ಕೆ ಹೋದ ಮೇಲೆ ಹಿಂದಕ್ಕೆ ಬರುವುದು ತ್ರಾಸು. ಬರೆಯುವಾಗ ಬ್ಯಾಟರಿಯೂ ಚಾರ್ಜರೂ ಎರಡೂ ಇರಬೇಕು, ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಯಿತು. ವೈಫೈ ಒಂದಕ್ಕಾಗಿ ಇಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುವುದು ವ್ಯರ್ಥ. ಸಣ್ಣ ಯುಎಸ್‌ಬಿ ವೈಫೈ ಗುಂಡಿಯೊಂದು ಆ ಕೆಲಸ ಮಾಡುತ್ತದೆ, ಲಿನಕ್ಸ್ ಕರ್ನಲ್‌ನಲ್ಲೇ ಡ್ರೈವರ್ ಇರುವ ಚಿಪ್ ನೋಡಿ ತಂದರಾಯಿತು.

ಸುಮ್ಮನಿದ್ದಾಗಲೂ ಫ್ಯಾನ್ ಬೊಬ್ಬೆ ಹೊಡೆಯುತ್ತಿದ್ದರೆ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೊರಕ್ಕೆ ದಾಟಿಸುವ ಲೇಪ) ಒಣಗಿರಬಹುದು. ಇದಕ್ಕೆ ಕೀಬೋರ್ಡ್, ಅಂಗೈ ಭಾಗ ಬಿಚ್ಚಬೇಕು. ಲೆನೊವೊದ ಹಾರ್ಡ್‌ವೇರ್ ಮೇಂಟೆನನ್ಸ್ ಕೈಪಿಡಿ ಪಕ್ಕದಲ್ಲಿಟ್ಟುಕೊಳ್ಳಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಅಕ್ಕಿಕಾಳಿನಷ್ಟು ಹೊಸತು ಇಡಿ, ಸ್ಕ್ರೂಗಳನ್ನು ಕರ್ಣಾಕಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಒಂದೇ ಮೂಲೆ ಮೊದಲೇ ಬಿಗಿದರೆ ಬರಿಮೈಯ ಚಿಪ್‌ನ ಅಂಚು ಸೀಳುವ ಭಯವಿದೆ. ಫ್ಯಾನ್ ತಂತಿ ಮತ್ತೆ ಸಿಕ್ಕಿಸುವುದನ್ನು ಮರೆತರೆ ಫ್ಯಾನ್ ಎರರ್ ಎಂದು ತೋರಿಸಿ ಯಂತ್ರ ತಾನೇ ಆಫ್ ಆಗುತ್ತದೆ.

ಪರದೆ ಈ ಯಂತ್ರದ ದುರ್ಬಲ ಭಾಗ. 1366×768 ಮಾತ್ರ, ಅದರಲ್ಲೂ ಟಿಎನ್ ಪ್ಯಾನೆಲ್ ಇದ್ದರೆ ತುಸು ಓರೆಯಾದರೂ ಬಣ್ಣ ಬಿಳುಚುತ್ತದೆ. ಓರೆಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪ್ಯಾನೆಲ್ ಇರುವ ಎಕ್ಸ್230 ಸಿಕ್ಕರೆ ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿದ್ದರೂ ಅದನ್ನೇ ಆರಿಸಿ.

ಆಪರೇಟಿಂಗ್ ಸಿಸ್ಟಂ ವಿಷಯಕ್ಕೆ ಬಂದರೆ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವುದು ಟಿಪಿಎಂ (ಭದ್ರತಾ ಚಿಪ್) 2.0 ಮತ್ತು ಇಂಟೆಲ್‌ನ ಎಂಟನೇ ತಲೆಮಾರು. ಇಲ್ಲಿರುವುದು ಟಿಪಿಎಂ 1.2 ಮತ್ತು ಮೂರನೇ ತಲೆಮಾರು. ರೂಫಸ್ ಎಂಬ ತಂತ್ರಾಂಶ ಬಳಸಿ ಈ ತಪಾಸಣೆಗಳನ್ನು ದಾಟಿಸಿ ಹಾಕಬಹುದು, ಓಡುತ್ತದೆ ಕೂಡ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಇಳಿಯುವುದಿಲ್ಲ, ಪ್ರತಿ ಸಲ ಅದೇ ಕಸರತ್ತು. ಇತರರಿಗೆ ಕೊಡುವ ಯಂತ್ರಕ್ಕೆ ಈ ದಾರಿ ಬೇಡ.

ಲಿನಕ್ಸ್ ಮಿಂಟ್ 22 ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್‌ಗಳಿವೆ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಅಥವಾ ಹೆಚ್ಚಿದ್ದರೆ ಸಿನಮನ್. ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿಕೊಂಡ ಮೇಲೆ ಅದರ ಎಸ್‌ಎಚ್‌ಎ256 ಮೊತ್ತವನ್ನು ಮಿಂಟ್ ತಾಣದಲ್ಲಿ ಕೊಟ್ಟದ್ದರೊಂದಿಗೆ ತಾಳೆ ನೋಡಿ. ಅರ್ಧಂಬರ್ಧ ಇಳಿದ ಫೈಲಿನಿಂದ ಆಗುವ ರಗಳೆ ಅಷ್ಟಿಷ್ಟಲ್ಲ. 4 ಜಿಬಿಗಿಂತ ಕಡಿಮೆಯಿಲ್ಲದ ಪೆನ್‌ಡ್ರೈವ್‌ಗೆ ಬರೆದು, ಬಯಾಸ್‌ನಲ್ಲಿ ಸಾಟಾ ಸ್ಥಿತಿ ಎಎಚ್‌ಸಿಐ, ಬೂಟ್ ಸ್ಥಿತಿ ಯುಇಎಫ್‌ಐ ಎಂದು ಇಟ್ಟು, ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿ. ಇನ್‌ಸ್ಟಾಲ್ ಬಟನ್ ಒತ್ತುವ ಮುನ್ನ ವೈಫೈ, ಧ್ವನಿ, ಮುಚ್ಚಳ ಮುಚ್ಚಿದರೆ ನಿದ್ರೆಗೆ ಹೋಗಿ ಎದ್ದು ಬರುವುದು, ಎಲ್ಲ ಲೈವ್ ಸ್ಥಿತಿಯಲ್ಲೇ ನೋಡಿಕೊಳ್ಳಿ. ಎರಡು ಡ್ರೈವ್ ಇರುವವರು "ಡಿಸ್ಕ್ ಅಳಿಸು" ಎನ್ನುವ ಕಡೆ ಹೆಸರು ನೋಡದೆ ಗಾತ್ರ ನೋಡಿ ಆರಿಸಿ.

ಹಾಕಿಯಾದ ಮೇಲೆ ಕೆಲಸ ಸ್ವಲ್ಪವೇ. ಎಸ್‌ಎಸ್‌ಡಿಯ ಟ್ರಿಮ್ (ಅಳಿಸಿದ ಫೈಲುಗಳ ಜಾಗವನ್ನು ಮರುಬಳಕೆಗೆ ಬಿಡಿಸುವ ಕೆಲಸ) ವಾರಕ್ಕೊಮ್ಮೆ ತಾನೇ ನಡೆಯುತ್ತದೆ. ಸಿಸ್ಟಂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಚಾಲೂ ಮಾಡಿ. ಬ್ಯಾಟರಿಗೆ ಟಿಎಲ್‌ಪಿ ಎಂಬ ವಿದ್ಯುತ್ ನಿರ್ವಹಣಾ ತಂತ್ರಾಂಶ ಹಾಕಿ, ಚಾರ್ಜ್ ಶೇ. 75ಕ್ಕೆ ಶುರು, 80ಕ್ಕೆ ನಿಲ್ಲು ಎಂದು ಬರೆಯಿರಿ. ಸದಾ ಚಾರ್ಜರ್ ಸಿಕ್ಕಿಸಿಕೊಂಡೇ ಕೆಲಸ ಮಾಡುವವರ ಬ್ಯಾಟರಿ ಇದರಿಂದ ಹೆಚ್ಚು ಕಾಲ ಬಾಳುತ್ತದೆ. ವಿಡಿಯೊ ನೋಡುವಾಗ ಪ್ರೊಸೆಸರ್ ಬೆವರುತ್ತಿದ್ದರೆ ಕಾರಣ ಸ್ಪಷ್ಟ: ಇದರ ಎಚ್‌ಡಿ 4000 ಗ್ರಾಫಿಕ್ಸ್ ಎಚ್.264 ಮತ್ತು ಅದಕ್ಕೂ ಹಳೆಯ ಬಗೆಯ ವಿಡಿಯೊಗಳನ್ನಷ್ಟೇ ತಾನು ಬಿಡಿಸಬಲ್ಲದು, ಯೂಟ್ಯೂಬ್ ಕಳಿಸುವ ವಿಪಿ9, ಎವಿ1 ಅದಕ್ಕೆ ತಿಳಿಯದು. ಯೂಟ್ಯೂಬ್ ಎಚ್.264 ಕಳಿಸುವಂತೆ ಮಾಡುವ ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿ, ವಿಡಿಯೊ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್‌ಗೆ ಒಪ್ಪಿಸುವ ಹಳೆಯ ಐ965 ವಿಎ ಡ್ರೈವರ್ ಇದೆಯೇ ಎಂದು ನೋಡಿ. ಹೊಸ ಐಎಚ್‌ಡಿ ಡ್ರೈವರ್ ಈ ಚಿಪ್ಪನ್ನು ಮುಟ್ಟುವುದಿಲ್ಲ.

ಕನ್ನಡ ಟೈಪಿಂಗ್‌ಗೆ ಬೇರೆ ತಂತ್ರಾಂಶ ಬೇಡ. ಕೀಬೋರ್ಡ್ ಸೆಟ್ಟಿಂಗ್‌ನ ವಿನ್ಯಾಸಗಳ ಪಟ್ಟಿಯಲ್ಲಿ ಕಗಪ ಇದೆ, ಸೇರಿಸಿಕೊಂಡರಾಯಿತು. ತೊಡಕು ಬರುವುದು ನುಡಿ ತಂತ್ರಾಂಶದಲ್ಲಿ ಯೂನಿಕೋಡ್‌ಗೆ ಮೊದಲು ಟೈಪ್ ಮಾಡಿದ ಹಳೆಯ ಕಡತಗಳಲ್ಲಿ. ಲಿಬ್ರೆಆಫೀಸ್‌ನಲ್ಲಿ ತೆರೆದರೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ವಿಂಡೋಸ್ ಅಳಿಸುವ ಮುನ್ನವೇ ನುಡಿಯ ಪರಿವರ್ತಕದಲ್ಲಿ ಅವನ್ನು ಯೂನಿಕೋಡ್ ಮಾಡಿಟ್ಟುಕೊಳ್ಳಿ. ಆಗದಿದ್ದರೆ ನುಡಿಯ ಟಿಟಿಎಫ್ ಫಾಂಟ್‌ಗಳನ್ನಾದರೂ ಬ್ಯಾಕಪ್‌ಗೆ ಸೇರಿಸಿ. ಮಿಂಟ್‌ನಲ್ಲಿ ಅವನ್ನು ಫಾಂಟ್ ಫೋಲ್ಡರಿಗೆ ಹಾಕಿದರೆ ಕಡತ ಓದಲಿಕ್ಕೆ, ಪ್ರಿಂಟ್ ತೆಗೆಯಲಿಕ್ಕೆ ಬರುತ್ತದೆ. ಒಳಗೆ ಪದ ಹುಡುಕಲಿಕ್ಕೆ ಮಾತ್ರ ಯೂನಿಕೋಡೇ ಆಗಬೇಕು.