ವರ್ಡ್‌ಪ್ರೆಸ್ ಅಪ್‌ಡೇಟ್ ವ್ಯವಸ್ಥೆಗೆ ನನ್ನ ನಾಲ್ಕು ಸ್ಟಾರ್

ಕಿನ್ನಾಳದ ಬಣ್ಣದ ಗೊಂಬೆಗಳ ಬಗ್ಗೆ ಕೊಪ್ಪಳದಲ್ಲಿ ಕೂತು ಬರೆಯುವ ನನ್ನ ಬ್ಲಾಗ್ ನಡೆಯುವುದು ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಮೇಲೆ. ಸಾಫ್ಟ್‌ವೇರ್ ಪುಕ್ಕಟೆ, ದುಡ್ಡು ಹೋಗುವುದು ಹೋಸ್ಟಿಂಗ್‌ಗೆ, ಅಂದರೆ ಸೈಟ್ ಇಡುವ ಸರ್ವರ್ ಜಾಗದ ಬಾಡಿಗೆಗೆ. ಇಲ್ಲಿ ಅಪ್‌ಡೇಟ್ ವಿಷಯ ಮಾತ್ರ ಹೇಳುತ್ತೇನೆ.

ಸಣ್ಣಪುಟ್ಟ ಸೆಕ್ಯುರಿಟಿ ಅಪ್‌ಡೇಟ್‌ಗಳು 2013ರ 3.7 ಆವೃತ್ತಿಯಿಂದ ತಾವಾಗಿಯೇ ಆಗುತ್ತವೆ. ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಕೆಲಸವೆಲ್ಲ ಸರ್ವರ್‌ನಲ್ಲೇ. ಇದಕ್ಕೆ ಫುಲ್ ಮಾರ್ಕ್ಸ್.

ತಲೆನೋವು ಪ್ಲಗಿನ್‌ಗಳದ್ದು, ಅಂದರೆ ಹೆಚ್ಚುವರಿ ಕೆಲಸಕ್ಕೆ ಸೈಟ್‌ಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್‌ಗಳದ್ದು. ಸೈಟ್‌ಗೆ ಕನ್ನ ಬೀಳುವುದು ಜಾಸ್ತಿ ಹಳೇ ಪ್ಲಗಿನ್‌ಗಳಿಂದಲೇ. 2020ರ 5.5ರಿಂದ ಪ್ರತಿ ಪ್ಲಗಿನ್ ಪಕ್ಕದಲ್ಲಿ ಆಟೋ ಅಪ್‌ಡೇಟ್ ಆನ್ ಮಾಡುವ ಲಿಂಕ್ ಇದೆ. ಸ್ಪ್ಯಾಮ್ ತಡೆಯುವುದಕ್ಕೆ, ಕಾಂಟ್ಯಾಕ್ಟ್ ಫಾರ್ಮ್‌ಗೆ ಆನ್ ಮಾಡಿಟ್ಟಿದ್ದೇನೆ. ಫೋಟೋ ಗ್ಯಾಲರಿಯದಕ್ಕೆ ಮಾತ್ರ ಇಲ್ಲ. ಹೋದ ಸಲ ಅದು ಅಪ್‌ಡೇಟ್ ಆದ ಮೇಲೆ ಮೊಬೈಲ್‌ನಲ್ಲಿ ಗರುಡ ಗೊಂಬೆಯ ಎರಡೂ ರೆಕ್ಕೆ ಮಾಯ, ಬರೀ ಮೂಗು ಕಾಣುತ್ತಿತ್ತು! ಗೊಂಬೆ ಮಾಡಿದವರು ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ.

2024ರ 6.6 ಬಂದ ಮೇಲೆ, ಆಟೋ ಅಪ್‌ಡೇಟ್‌ನಿಂದ ಸೈಟ್ ಪೂರ್ತಿ ಕೆಡುವಂಥ ಎರರ್ ಬಂದರೆ ಆ ಪ್ಲಗಿನ್ ಹಳೇ ಆವೃತ್ತಿಗೆ ವಾಪಸ್ ಹೋಗುತ್ತದೆ. ಒಳ್ಳೆಯದೇ. ಆದರೆ ರೆಕ್ಕೆ ಕಟ್ ಆಗಿದ್ದು ಅದಕ್ಕೆ ಗೊತ್ತಾಗುವುದಿಲ್ಲ ಅಲ್ವಾ? ಅದನ್ನು ನಾವೇ ಮೊಬೈಲ್ ತೆರೆದು ನೋಡಬೇಕು.

ಸೈಟ್‌ನ ಅಂದಚೆಂದ ನೋಡಿಕೊಳ್ಳುವ ಥೀಮ್‌ನ ಕೋಡ್‌ಗೆ ನೇರವಾಗಿ ಕೈ ಹಾಕಿದ್ದರೆ ಅಪ್‌ಡೇಟ್ ಅದನ್ನೆಲ್ಲ ಅಳಿಸುತ್ತದೆ, ನಿಮ್ಮ ಬದಲಾವಣೆಗಳನ್ನು ಬೇರೆಯಾಗಿ ಇಡುವ ಚೈಲ್ಡ್ ಥೀಮ್ ಮಾಡಿಕೊಳ್ಳಿ. ಅಪ್‌ಡೇಟ್ ಒತ್ತುವ ಮೊದಲು ಬರಹಗಳೆಲ್ಲ ಇರುವ ಡೇಟಾಬೇಸ್ ಮತ್ತು ಫೋಟೋ ಫೋಲ್ಡರ್ ಎರಡರ ಬ್ಯಾಕಪ್ ಇರಲಿ. ವರ್ಡ್‌ಪ್ರೆಸ್ ಅದನ್ನು ತಾನಾಗಿ ತೆಗೆದಿಡುವುದಿಲ್ಲ. ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೇ.