ಹಳೆ ಷೆವರ್ಲೆಗೆ ಟಿಎಚ್350 ಸಾಕೋ, 700ಆರ್4 ಬೇಕೋ?

ಎರಡೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳೇ. ಇವುಗಳಲ್ಲಿ ಎಂಜಿನ್‌ಗೂ ಗೇರುಗಳಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಎಂಜಿನ್ ಬಲವನ್ನು ಎಣ್ಣೆಯ ಮೂಲಕ ದಾಟಿಸುತ್ತದೆ. ಹಾಗಾಗಿ ಸ್ವಲ್ಪ ಜಾರುವಿಕೆ ಇದ್ದೇ ಇರುತ್ತದೆ. ಜಾರಿದಷ್ಟೂ ಬಿಸಿ, ಪೆಟ್ರೋಲ್ ದಂಡ. ಮೂರು ಗೇರಿನ ಮೂಲ ಟಿಎಚ್350ರಲ್ಲಿ ಇದಕ್ಕೆ ಮದ್ದಿಲ್ಲ. 1982ರಲ್ಲಿ ಬಂದ 700ಆರ್4ರ ಕನ್ವರ್ಟರ್ ಒಳಗೆ ಒಂದು ಕ್ಲಚ್ ಇದೆ. ವೇಗ ಹಿಡಿದ ಮೇಲೆ ಎಣ್ಣೆಯ ಒತ್ತಡ ಅದನ್ನು ಕನ್ವರ್ಟರ್ ಕವಚಕ್ಕೆ ಒತ್ತಿ ಹಿಡಿಯುತ್ತದೆ. ಜಾರುವಿಕೆ ಸೊನ್ನೆ. ಮೇಲೆ 0.70ರ ಓವರ್‌ಡ್ರೈವ್ ಬೇರೆ, ಅಂದರೆ ಅದೇ ವೇಗದಲ್ಲಿ ಎಂಜಿನ್ ನಿಧಾನವಾಗಿ ತಿರುಗಲು ಬಿಡುವ ನಾಲ್ಕನೇ ಗೇರ್. ಹೈವೇ ಓಟ ಜಾಸ್ತಿಯಿದ್ದರೆ ಇದೇ ಸರಿ.

ಆದರೆ ಸುಮ್ನೆ ಕೂರಿಸಿದರೆ ಆಗಲ್ಲ. ಲಾಕಪ್‌ಗೆ, ಅಂದರೆ ಕನ್ವರ್ಟರ್ ಒಳಗಿನ ಆ ಕ್ಲಚ್ ಹಿಡಿಯುವುದಕ್ಕೆ, ವೈರಿಂಗ್ ಎಳೆಯಬೇಕು. ಆಕ್ಸಿಲರೇಟರ್ ಒತ್ತಿದಷ್ಟಕ್ಕೆ ಗೇರ್‌ಬಾಕ್ಸ್ ಎಣ್ಣೆಯ ಒತ್ತಡ ಏರಿಸಿ ಇಳಿಸುವ ಥ್ರಾಟಲ್ ವಾಲ್ವ್ ಕೇಬಲ್ ಸರಿಯಾಗಿ ಹೊಂದಿಸದಿದ್ದರೆ ಒತ್ತಡ ಇಳಿದು ಗೇರ್‌ಬಾಕ್ಸ್ ಒಳಗಿನ ಕ್ಲಚ್‌ಗಳು ಸುಡುತ್ತವೆ. ಬಾಳಿಕೆಗೆ 1987ರ ನಂತರದ್ದೇ ಮೇಲು.

ಭಾನುವಾರ ಊರೊಳಗಷ್ಟೇ ಸುತ್ತುವ ಕಾರಿಗೆ ಇಷ್ಟೆಲ್ಲ ಯಾಕೆ, ಅಲ್ವಾ? ಟಿಎಚ್350 ಸರಳ, ರಿಪೇರಿ ಅಗ್ಗ.